ಗುಂಯ್ ಎನ್ನುವ ಪೆಟ್ಟಿಗೆ

ಸಂಜೆ ಏಳು ಇಪ್ಪತ್ತಕ್ಕೆ ಆ ಗುಂಯ್ ಎನ್ನುವ ಸದ್ದು ನಿಂತಿತು. ಎಲ್ಲ ಕೆಡಲು ಶುರುವಾದದ್ದು ಆಗಲೇ. ಆದರೆ ಗುಬ್ಬಿಯ ಕಲ್ಯಾಣ ಮಂಟಪವೊಂದರ ವೇದಿಕೆಯ ಮೇಲಿದ್ದ ನಾವು ಮೂವರೂ ಆ ಗಳಿಗೆಯಲ್ಲಿ ಅಬ್ಬಾ ಎಂದು ನಕ್ಕಿದ್ದೆವು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ವೇದಿಕೆಯ ಎದುರುಗೋಡೆಯಲ್ಲಿ ತಟ್ಟೆಯಷ್ಟು ದೊಡ್ಡ ಗಡಿಯಾರವಿತ್ತು. ಏಳೂವರೆಗೆ ಹೆಣ್ಣು ಗಂಡು ಬಂದು ರಿಸೆಪ್ಶನ್‌ಗೆ ನಿಲ್ಲುವವರಿದ್ದರು, ಅಷ್ಟರಲ್ಲಿ ಹಾಡು ಎತ್ತಬೇಕಿತ್ತು.

ಇದನ್ನೆಲ್ಲ ಇವತ್ತು ಯಾಕೆ ಹೇಳುತ್ತಿದ್ದೇನೆಂದರೆ, ಈಗಷ್ಟೇ ಅಡುಗೆಮನೆಯಲ್ಲಿ ಫ್ರಿಜ್ ನಿಂತಿತು. ನಿಮ್ಮ ಮನೆಯಲ್ಲೂ ನಿಲ್ಲುತ್ತದೆ, ಆಮೇಲೆ ತಾನಾಗಿಯೇ ಶುರುವಾಗುತ್ತದೆ, ನೀವು ಗಮನಿಸುವುದಿಲ್ಲ. ನಾನೂ ಗಮನಿಸುತ್ತಿರಲಿಲ್ಲ. ಆ ಸಂಜೆಯ ನಂತರ ಸದ್ದಾದರೆ ಏಳದ ನಾನು, ಸದ್ದು ನಿಂತರೆ ಎದ್ದು ಕೂರುವವನಾದೆ.

ಗುಂಯ್ ನಿಲ್ಲಿಸಿದವನು ರುದ್ರಣ್ಣ. ಅಮೃತೂರಿನವನು. ತೆಂಗಿನ ತೋಟವಿದೆ, ಹೈಸ್ಕೂಲೊಂದರಲ್ಲಿ ಗುಮಾಸ್ತನ ಕೆಲಸವಿದೆ. ಇವೆರಡರ ಬಗ್ಗೆ ಕೇಳಿದರೆ ಒಂದೊಂದು ಮಾತಿನಲ್ಲಿ ಮುಗಿಸುತ್ತಾನೆ. ತಾನು ನುಡಿಸುವ, ತಗ್ಗು ದನಿಯ ಬೇಸ್ ಗಿಟಾರ್ ಬಗ್ಗೆ ಕೇಳಿದರೆ ನಿಮ್ಮ ಕೊನೆಯ ಬಸ್ಸು ತಪ್ಪಿದ ಹಾಗೆಯೇ. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವನು. ನಾನು ತುಮಕೂರಿನ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು, ಓದಿದ್ದು ಬಿಕಾಂ. ಪರಿಚಯವಾದ ದಿನವೇ ಅದು ನನ್ನ ಹೆಸರಾಯಿತು. "ಏನ್ಲಾ ಬಿಕಾಂ, ಗಿಟಾರ್ ಹಿಡ್ಕೊಂಡಿದೀಯೋ ಫೈಲ್ ಹಿಡ್ಕೊಂಡಿದೀಯೋ?" ಎನ್ನುವುದು ಅವನ ನಮಸ್ಕಾರ. ನಮ್ಮ ಜೊತೆ ಹಾಡುತ್ತಿದ್ದವರು ಮಮತಾ, ಗೂಳೂರಿನವರು, ಪ್ರೈಮರಿ ಶಾಲೆಯ ಟೀಚರ್. ಮೂವರೇ. ಡ್ರಮ್ಸ್ ಇಲ್ಲ, ಕೀಬೋರ್ಡ್ ಇಲ್ಲ. ಊಟದ ಹೊತ್ತಿಗೆ ಹಿತವಾಗಿ ನಾಲ್ಕು ಹಾಡು ಬೇಕು ಎನ್ನುವವರು ನಮ್ಮನ್ನು ಕರೆಯುತ್ತಿದ್ದರು. ಜನ ಹೋಳಿಗೆಯ ಕಡೆ ನೋಡುತ್ತಿರುತ್ತಾರೆ, ನಾವು ಜನರ ಕಡೆ ನೋಡುತ್ತಿರುತ್ತೇವೆ. ಅಭ್ಯಾಸವಾದರೆ ಬೇಜಾರೇನಿಲ್ಲ.

ವೇದಿಕೆಗೆ ಬೇಕಾದ ಸಾಮಾನು ಆರಿಸುವುದು ರುದ್ರಣ್ಣನ ಕೆಲಸ. ಅವನ ಜೊತೆ ಅಂಗಡಿಗೆ ಹೋಗುವುದೆಂದರೆ ಹೆಣ್ಣು ನೋಡಲು ಹೋದ ಹಾಗೆ. ಆಂಪ್ಲಿಫೈಯರ್ ಎನ್ನುವ ಪದವನ್ನು ಅವನು ಬಳಸುತ್ತಿರಲಿಲ್ಲ, ಪೆಟ್ಟಿಗೆ ಎನ್ನುತ್ತಿದ್ದ. ಪೆಟ್ಟಿಗೆಯ ಮಗ್ಗುಲನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ, ಅವನೂರಿನವರು ಕಾಯಿ ಬಡಿದು ನೋಡುವ ಹಾಗೆ. ಆಮೇಲೆ ಸ್ವಿಚ್ ಹಾಕಿಸಿ, ಯಾವುದನ್ನೂ ನುಡಿಸದೆ, ಕೈಕಟ್ಟಿ ನಿಲ್ಲುತ್ತಿದ್ದ. ಅಂಗಡಿಯವನು, "ನುಡ್ಸಿ ನೋಡಿ ಸಾರ್," ಎಂದರೆ, "ಇರ್ರೀ. ಮಾತಾಡೋದು ಯಾರಿಗಾದ್ರೂ ಬತ್ತದೆ. ಸುಮ್ನಿದ್ದಾಗ ಸುಮ್ನಿರೋದು ಯಾರಿಗ್ ಬತ್ತದೆ?" ಎನ್ನುತ್ತಿದ್ದ. ಗುಂಯ್ ಎಂದ ಪೆಟ್ಟಿಗೆ ಅಲ್ಲಿಗೆ ತಿರಸ್ಕೃತ.

ಬೇಸ್ ಬಗ್ಗೆ ಅವನದೊಂದು ಮಾತಿತ್ತು: "ಬೇಸ್ ಕೇಳಿಸ್ಬಾರ್ದು ಕಣೋ. ಇಲ್ದಿದ್ರೆ ಗೊತ್ತಾಗ್ಬೇಕು, ಅಷ್ಟೇ." ನನ್ನ ಅಕೂಸ್ಟಿಕ್ ಗಿಟಾರಿನ ಬಗ್ಗೆ ಅಷ್ಟು ಗೌರವವಿರಲಿಲ್ಲ. ಮರದ ಗಿಟಾರು ಕೋಣೆಯಲ್ಲಿ ಕೂತು ನುಡಿಸಿದರೆ ಚೆಂದ. ಅದರ ಹೊಟ್ಟೆಯೊಳಗೆ ದನಿ ಹಿಡಿಯುವ ಪಿಕಪ್ ಅಂಟಿಸಿ ಮೈಕ್ ಸೆಟ್ಟಿಗೆ ಸಿಕ್ಕಿಸಿದ ಕೂಡಲೇ ದನಿ ಬದಲಾಗುತ್ತದೆ. "ಪ್ಲಾಸ್ಟಿಕ್ ಕೊಡ ಬಡ್ದಂಗೈತೆ," ಎಂದು ಅವನು ತೀರ್ಪು ಕೊಟ್ಟ. ಸ್ವಲ್ಪ ಜೋರು ಮಾಡಿದರೆ ಊಳಿಡುತ್ತಿತ್ತು. ಅದಕ್ಕೆ ರಬ್ಬರಿನ ಮುಚ್ಚಳ ತಂದು ಗಿಟಾರಿನ ಬಾಯಿಗೆ ಹಾಕಿದ. "ಮದ್ವೆಗ್ ಬಂದೋರ್ ಬಾಯಿಗೂ ಇಂಥದ್ ಸಿಕ್ಕಿದ್ರೆ ಹೇಳು." ಕೊನೆಗೆ ನನಗೆಂದು ಅವನು ಆರಿಸಿದ್ದು ಬ್ಯಾಟರಿಯಲ್ಲಿ ಓಡುವ, ಟಿಫನ್ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ. ಅದನ್ನು ಸ್ಟೂಲಿನ ಮೇಲಿಟ್ಟು, ಅದರ ಮುಂದೊಂದು ಮೈಕ್ ನಿಲ್ಲಿಸಿದರೆ ಮರದ ದನಿ ಮರದ ಹಾಗೇ ಬರುತ್ತಿತ್ತು.

"ದೊಡ್ಡದು ಬೇಡ್ವಾ ರುದ್ರಣ್ಣ?" ಎಂದಿದ್ದೆ, ಸ್ವಲ್ಪ ಅವಮಾನವಾಗಿ.

"ನೀನು ಬಲ್ಬ್ ಬದ್ಲಾಯಿಸೋಕೂ ಮೇನ್ ಆಫ್ ಮಾಡೋ ಗಿರಾಕಿ. ನಿಂಗಿದೇ ಸರಿ, ಬುಡು."

ಆಡಿಕೊಂಡು ಆರಿಸಿದ ಆ ಪುಟ್ಟ ಪೆಟ್ಟಿಗೆಗೆ ಗೋಡೆಯ ಕರೆಂಟಿನ ಸಂಬಂಧವೇ ಇರಲಿಲ್ಲ. ಅದರ ಅರ್ಥ ನನಗೆ ಆಮೇಲೆ ಗೊತ್ತಾಯಿತು.

ತನ್ನ ಬೇಸಿಗೆಂದು ಅವನು ಕೊಂಡ ದೊಡ್ಡ ಪೆಟ್ಟಿಗೆ ಅಂಗಡಿಯಲ್ಲಿ ಸುಮ್ಮನಿತ್ತು. ಆದರೆ ನಮ್ಮ ಮಂಟಪಗಳಲ್ಲಿ ಮೈಕ್ ಸೆಟ್ಟಿಗೆ ಒಂದು ಕಡೆಯ ಲೈನು, ಸೀರಿಯಲ್ ದೀಪದ ಸರಕ್ಕೆ ಇನ್ನೊಂದು, ಐಸ್‌ಕ್ರೀಮಿನವನಿಗೆ ಮತ್ತೊಂದು. ಅಲ್ಲಿ ಅದು ಗುಂಯ್ ಎನ್ನುತ್ತಿತ್ತು. ಅದಕ್ಕೆ ನಮ್ಮ ಕಡೆಯ ವಾದ್ಯದವರಲ್ಲಿ ಒಂದು ಮದ್ದಿದೆ. ಒಬ್ಬರಿಂದ ಒಬ್ಬರು ಕಲಿತದ್ದು. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ಇದೆಯಲ್ಲ, ಅರ್ಥ್ ಪಿನ್, ಅದನ್ನು ಇಕ್ಕಳದಲ್ಲಿ ಕಿತ್ತುಬಿಡುವುದು. ಸದ್ದು ಮಾಯವಾಗುತ್ತದೆ. ರುದ್ರಣ್ಣ ಹಾಗೆ ಕಿತ್ತ ಹಿತ್ತಾಳೆ ಪಿನ್ನುಗಳನ್ನು ಬೈಕಿನ ಕೀ ಗೊಂಚಲಿಗೆ ಪೋಣಿಸಿಕೊಂಡಿದ್ದ. ನಡೆದರೆ ಗೆಜ್ಜೆಯ ಹಾಗೆ ಸದ್ದು. "ಒಂದೊಂದೂ ಒಂದೊಂದ್ ಬೇಟೆ ಕಣ್ಲಾ," ಎನ್ನುತ್ತಿದ್ದ. ಈ ಪೆಟ್ಟಿಗೆ ಹೊಸದೆಂದು ಗುಬ್ಬಿಯವರೆಗೆ ಅದರ ಪಿನ್ನು ಉಳಿಸಿಕೊಂಡಿದ್ದ.

ಗುಬ್ಬಿಯಲ್ಲಿ ಅದು ಹಿಂದೆಂದೂ ಇಲ್ಲದಷ್ಟು ಜೋರಾಗಿ ಗುಂಯ್‌ಗುಟ್ಟಿತು. ಹೆಣ್ಣಿನ ಸೋದರಮಾವ ವೇದಿಕೆಯ ಹತ್ತಿರ ಬಂದು, "ಏನ್ರೀ ಇದು, ಜೇನು ಎಬ್ಬಿಸ್ದಂಗೈತೆ? ಜನ ಓಡೋಯ್ತಾರೆ," ಎಂದರು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಅವರೇ ಕಲಾವಿದರಿಗೆ ಸನ್ಮಾನವೆಂದು ನಮಗೆ ಮೂವರಿಗೂ ಶಾಲು ಹೊದಿಸಿದ್ದರು. ಮಮತಾ ಮೇಡಂ ಮನೆಯಲ್ಲಿ ಅಂಥ ಶಾಲುಗಳು ಒಂದು ಬೀರು ತುಂಬ ಇವೆ. "ಇನ್ನೊಂದೆರಡಾದ್ರೆ ಅಂಗ್ಡಿ ಇಡ್ತೀನಿ," ಎಂದು ಅವರು ನನ್ನ ಕಿವಿಯಲ್ಲಿ ಹೇಳಿದ್ದರು. ಶಾಲು ಹೊದಿಸಿದವರೇ ಬಂದು ಜೇನುಹುಳ ಎಂದದ್ದು ರುದ್ರಣ್ಣನಿಗೆ ನಾಟಿತು. ಇಕ್ಕಳ ತೆಗೆದ. ಪಿನ್ ಕಿತ್ತ. ಸ್ವಿಚ್ ಹಾಕಿದ.

ನಿಶ್ಶಬ್ದ. "ನೋಡ್ಲಾ ಬಿಕಾಂ, ಸತ್ತೋಯ್ತು," ಎಂದ. ನಾವು ನಕ್ಕೆವು. ಏಳು ಇಪ್ಪತ್ತು.

ಮೊದಲ ಎರಡು ಹಾಡು ಚೆನ್ನಾಗಿಯೇ ಹೋದವು. ನಡುವೆ ಒಮ್ಮೆ ಅವನ ಮೊಣಕೈ ಮೈಕ್ ಸ್ಟ್ಯಾಂಡಿಗೆ ತಗುಲಿತು. ಕೈ ಝಾಡಿಸಿ, "ಚುಮುಚುಮು ಅಂತೈತೆ. ಇವತ್ತು ಬೇಸು ಮೈಗೇ ಹತ್ಕಂಡೈತೆ ಕಣೋ," ಎಂದ. ವಾದ್ಯದವರಿಗೆ ಅದು ಹೊಸದೇನಲ್ಲ. ಚುಮುಗುಟ್ಟುವ ತಂತಿ, ಚುರ್ ಎನ್ನುವ ಮೈಕು, ಎಲ್ಲ ಕಂಡದ್ದೇ. ಮೂರನೆಯ ಹಾಡಿನಲ್ಲಿ ಪಲ್ಲವಿಗೆ ಅವನು ದನಿ ಸೇರಿಸುವುದಿತ್ತು. ಬೇಸ್ ಹಿಡಿದುಕೊಂಡೇ ಮೈಕಿನ ಹತ್ತಿರ ಬಂದ. ಕಣ್ಣು ಮುಚ್ಚಿದ. ತುಟಿ ಮೈಕಿಗೆ ತಗುಲಿತು.

ಹಾಡು ಬರಲಿಲ್ಲ. ಬಂದದ್ದು ಒಂದೇ ಸ್ವರ, ಬೇಸಿನದು, ಉದ್ದಕ್ಕೆ. ಅವನ ಎಡಗೈ ಗಿಟಾರಿನ ಕೊರಳನ್ನು ಬಿಗಿದುಕೊಂಡಿತ್ತು. ತಲೆ ಹಿಂದಕ್ಕೆ ವಾಲಿ, ಮೈ ಸಣ್ಣಗೆ ನಡುಗುತ್ತಿತ್ತು. ಗುಬ್ಬಿ ನಾಟಕ ಕಂಡ ಊರು. ಆವೇಶ ಬಂದವನನ್ನು ಕಂಡರೆ ಚಪ್ಪಾಳೆ ತಟ್ಟದೆ ಇರುವುದಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಶುರುಮಾಡಿದರು, ಇಡೀ ಮಂಟಪ ತಟ್ಟಿತು. ನನ್ನ ಕೈ ತಾನಾಗಿಯೇ ಗಿಟಾರಿನ ಮುಂದಿನ ಕಾರ್ಡನ್ನು, ಆ ಸ್ವರಗುಚ್ಛವನ್ನು, ನುಡಿಸಿತು. ಆ ಚಪ್ಪಾಳೆಯ ಮೇಲೆ ಆ ಕಾರ್ಡ್ ಕೂತ ಸದ್ದು ನನ್ನ ಕಿವಿಯಲ್ಲಿ ಎಷ್ಟು ಸಲ ಮರುಕಳಿಸಿದೆಯೋ ಲೆಕ್ಕವಿಲ್ಲ.

ಮಮತಾ ಮೇಡಂ ಮಾತ್ರ ಅವನ ತುಟಿಯನ್ನು ನೋಡಿದರು. ಹೆಗಲ ಶಾಲನ್ನು ಎಳೆದು, ಮೈಕ್ ಸ್ಟ್ಯಾಂಡಿಗೆ ಸುತ್ತುಹಾಕಿ, ಎರಡು ಕೈಯಲ್ಲಿ ಜಗ್ಗಿದರು. ಸ್ಟ್ಯಾಂಡು ಬಿತ್ತು. ಅವನೂ ಬಿದ್ದ. "ಮೇನ್ ಆಫ್ ಮಾಡ್ರೋ!" ಎಂದು ಅವರು ಕೂಗಿದ್ದು, ಎಷ್ಟೋ ವರ್ಷ ಹಾಡಿದ್ದಕ್ಕಿಂತ ಹೆಚ್ಚು ದೂರ ಕೇಳಿಸಿತು.

ಚಪ್ಪಾಳೆ ಒಮ್ಮೆಲೇ ನಿಲ್ಲಲಿಲ್ಲ. ಹಿಂದಿನ ಸಾಲುಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ಇತ್ತು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಹೆಣ್ಣಿನ ಕಡೆಯವರ ಕಾರಿನಲ್ಲೇ ಮೊದಲು ಗುಬ್ಬಿಯ ಆಸ್ಪತ್ರೆ, ಅಲ್ಲಿಂದ ತುಮಕೂರು. ಜೀವ ಉಳಿಯಿತು. ತುಟಿಯ ಗಾಯ ಮಾಯಿತು. ಎಡಗೈಯ ಉಂಗುರ ಬೆರಳು, ಕಿರುಬೆರಳು ತಂತಿಯ ಗುರುತಿಗೆ ಸರಿಯಾಗಿ ಸುಟ್ಟಿದ್ದವು. ಚರ್ಮ ಕೂಡಿಕೊಂಡಿತು, ಬೆರಳು ಪೂರ್ತಿ ಮಡಿಸಲು ಬರಲಿಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದಾಗ ಒಳಗೆ ಸ್ಕ್ರೂವಿಗೆ ಸಿಕ್ಕಿಕೊಂಡ ಒಂದು ವೈರಿನ ಹೊದಿಕೆ ಹಾಡಿನ ಅದುರಾಟಕ್ಕೆ ಸುಲಿದು ಕಬ್ಬಿಣದ ಮೈಗೆ ತಗುಲಿಕೊಂಡಿತ್ತಂತೆ. ಆ ದಪ್ಪ ಪಿನ್ ಇದ್ದಿದ್ದರೆ ಕರೆಂಟು ನೆಲಕ್ಕೆ ಇಳಿದು ಫ್ಯೂಸ್ ಹಾರುತ್ತಿತ್ತು. ಪಿನ್ ಇರಲಿಲ್ಲ. ಕರೆಂಟು ಪೆಟ್ಟಿಗೆಯಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ತಂತಿಗೆ, ತಂತಿಯಿಂದ ಅವನ ಬೆರಳಿಗೆ ಬಂದು, ಅವನ ಎದೆಯನ್ನು ಹಾದು, ತುಟಿಯಿಂದ ಮೈಕಿಗೆ ಹೋಗಿತ್ತು.

ನನಗೆ ಗಾಯವಾಗಿರಲಿಲ್ಲ. ಹಾಗಾಗಿ ಯಾರೂ ವಿಚಾರಿಸಲಿಲ್ಲ. ಮಲಗುವ ಮುಂಚೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡತೊಡಗಿದೆ. ಗೀಸರ್ ಬಿಟ್ಟು ತಣ್ಣೀರಿಗೆ ಇಳಿದೆ. ಆಫೀಸಿನಲ್ಲಿ ವ್ರತವೇ ಎಂದು ಕೇಳಿದರು, ಹೌದೆಂದೆ. ಫ್ರಿಜ್ ಒಂದನ್ನು ಕೀಳಲು ಹೆಂಡತಿ ಬಿಡಲಿಲ್ಲ. "ಹಾಲು ಒಡೆದ್ರೆ ಕಾಫಿ ನಿಮ್ಮ ಗಿಟಾರ್ ಕೊಡುತ್ತಾ?" ಎಂದಳು. ಅದು ಗುಂಯ್ ಎನ್ನುವಷ್ಟು ಹೊತ್ತು ನಿದ್ದೆ, ನಿಂತ ತಕ್ಷಣ ಎಚ್ಚರ. ಎದ್ದು ಕೂತರೆ ಅದೇ ಕಣ್ಣುಮುಚ್ಚಿದ ಮುಖ, ಅದೇ ಚಪ್ಪಾಳೆ. ಗಿಟಾರು ಚೀಲದಿಂದ ಹೊರಬರಲಿಲ್ಲ.

ಅಮೃತೂರಿಗೆ ಹೋದಾಗ ರುದ್ರಣ್ಣನ ಹೆಂಡತಿ ಗಿರಿಜಕ್ಕ ನನ್ನನ್ನು ತೆಂಗಿನಮರದ ಬುಡಕ್ಕೆ ಕರೆದುಕೊಂಡು ಹೋಗಿ ಹೇಳಿದರು: "ಮಲಗೋದೇ ಇಲ್ಲ ಕಣಣ್ಣ. ಜಗಲಿ ಮೇಲೆ ಕೂತ್ಕಂಡು ಆ ಎರಡು ಬೆರಳ ಮಡಿಸ್ತಾ ಇರ್ತಾರೆ. ಮಲಿಕ್ಕಳಿ ಅಂದ್ರೆ, ಕಣ್ಮುಚ್ಚಿದ್ರೆ ಮತ್ತೆ ಹಿಡ್ಕತದೆ ಅಂತಾರೆ." ಅವನು ನನ್ನೆದುರು ಆಡಿದ್ದು ಬೇರೆ ಮಾತು: "ಏನ್ಲಾ ಬಿಕಾಂ, ಮುಖ ಯಾಕೆ ಹಿಂಗ್ ಮಾಡ್ಕೊಂಡಿದೀಯ? ಶಾಕ್ ಹೊಡ್ದಿದ್ದು ನಿಂಗೋ ನಂಗೋ?"

ಮನೆಗೆ ಬಂದು ಅವತ್ತೂ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟೆ.

ತಿಂಗಳುಗಳಾದ ಮೇಲೆ ಅವನೇ ಫೋನ್ ಮಾಡಿದ. ಕುಣಿಗಲ್‌ನಲ್ಲಿ ಮಮತಾ ಮೇಡಂ ಸಹೋದ್ಯೋಗಿಯೊಬ್ಬರ ನಿವೃತ್ತಿ ಸಮಾರಂಭ, ಭಾನುವಾರ ಮಧ್ಯಾಹ್ನ. ಮೇಡಂ ಹಾಡುತ್ತಾರೆ, ನೀನು ನುಡಿಸಬೇಕು, ಎಂದ. ಆಗಲ್ಲ ರುದ್ರಣ್ಣ ಎಂದೆ. "ಆಯ್ತದೆ. ಅಂಗ್ಡೀಗ್ ಬಾ," ಎಂದು ಫೋನಿಟ್ಟ.

ಬಯಲು ಪೆಂಡಾಲು, ನನ್ನ ಟಿಫನ್ ಕ್ಯಾರಿಯರ್ ಪೆಟ್ಟಿಗೆ ಸಾಲುವುದಿಲ್ಲ, ಮಮತಾ ಮೇಡಂಗೂ ನನಗೂ ಆಗುವ ಪೆಟ್ಟಿಗೆ ಬೇಕಿತ್ತು. ಅವನು ಹಳೆಯ ಹಾಗೇ ಬಡಿದು ನೋಡಿದ, ಈ ಸಲ ಬಲಗೈಯಿಂದ. ಸ್ವಿಚ್ ಹಾಕಿಸಿ ಕೈಕಟ್ಟಿ ನಿಂತ. ಒಂದು ಪೆಟ್ಟಿಗೆ ಸಣ್ಣಗೆ ಗುಂಯ್ ಎಂದಿತು. ಅಂಗಡಿಯವನು ಬೇಗಬೇಗ ಅದನ್ನು ಬದಿಗೆ ಸರಿಸಹೋದ. "ಇದೇ ಇರ್ಲಿ ಬುಡ್ರಿ," ಎಂದ ರುದ್ರಣ್ಣ. ಪ್ಲಗ್ ಕೈಗೆ ತೆಗೆದುಕೊಂಡು ದಪ್ಪ ಪಿನ್ನನ್ನು ಅಲ್ಲಾಡಿಸಿ ನೋಡಿದ, ಹಲ್ಲು ನೋಡುವ ಹಾಗೆ. ಕರೆಂಟು ಹರಿಯುತ್ತಿದೆಯೇ ಎಂದು ನೋಡುವ ಒಂದು ಟೆಸ್ಟರ್ ಜೇಬಿನಲ್ಲಿ ತಂದಿದ್ದ. ಹೊರಟಾಗ ಬೈಕಿನ ಕೀ ಸದ್ದು ಮಾಡಲಿಲ್ಲ. ಗೊಂಚಲಲ್ಲಿ ಕೀ ಒಂದೇ ಇತ್ತು.

ಕುಣಿಗಲ್‌ನಲ್ಲಿ ಅವನು ವೇದಿಕೆಯ ಮೇಲೆ ಕೂರಲಿಲ್ಲ. ಪೆಂಡಾಲಿನ ಮೂಲೆಯಲ್ಲಿ ಸ್ವಿಚ್ ಬೋರ್ಡಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಮೈಕು, ಪೆಟ್ಟಿಗೆ, ನನ್ನ ಗಿಟಾರಿನ ತಂತಿ, ಎಲ್ಲಕ್ಕೂ ಟೆಸ್ಟರ್ ಮುಟ್ಟಿಸಿ ನೋಡಿ ಆದ ಮೇಲೆ, "ಈಗ ಮುಟ್ಲಾ," ಎಂದ. ಮುಟ್ಟಿದೆ. ಕಾರ್ಯಕ್ರಮ ಮುಗಿಯುವ ತನಕ ಅವನ ಬಲಗೈ ಬೆರಳು ಮೇನ್ ಸ್ವಿಚ್ಚಿನ ಮೇಲೇ ಇತ್ತು. ಊಟಕ್ಕೆ ಕರೆದರೆ ಏಳಲಿಲ್ಲ. ಎಡಗೈ ತೊಡೆಯ ಮೇಲಿತ್ತು. ಹಾಡಿನ ಜೊತೆಗೆ ಎರಡು ಬೆರಳು ಆಡುತ್ತಿದ್ದವು, ಎರಡು ಸುಮ್ಮನಿದ್ದವು.

ಬೇಸ್ ಇಲ್ಲದ್ದು ಗೊತ್ತಾಗುತ್ತಿತ್ತು. ಪ್ರತಿ ಪಲ್ಲವಿಯಲ್ಲೂ ಕಾಲಿಟ್ಟ ಕಡೆ ಮೆಟ್ಟಿಲಿಲ್ಲದ ಹಾಗೆ. ಆ ಖಾಲಿ ಜಾಗದಲ್ಲಿ ಪೆಟ್ಟಿಗೆ ಸಣ್ಣಗೆ ಗುಂಯ್ ಎನ್ನುತ್ತಲೇ ಇತ್ತು. ಜೇನುಹುಳ ಎಂದು ಯಾರೂ ಬಂದು ಹೇಳಲಿಲ್ಲ. ಹೇಳಿದ್ದರೂ ನಾವು ಯಾರೂ ಇಕ್ಕಳ ತೆಗೆಯುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಕೊಡುತ್ತಾ ಹೆಂಡತಿ ನನ್ನ ಮುಖವನ್ನೇ ನೋಡಿದಳು. "ರಾತ್ರಿ ಕರೆಂಟ್ ಹೋಗಿತ್ತು," ಎಂದಳು. "ಫ್ಯಾನೂ ಇಲ್ಲ, ಫ್ರಿಜ್ಜೂ ಇಲ್ಲ. ನೀವು ಏಳ್ತೀರ ಅಂತ ಕಾಯ್ತಾ ಕೂತೆ. ಏಳಲೇ ಇಲ್ಲ."

ಅಮೃತೂರಿಗೆ ಫೋನ್ ಮಾಡಿದೆ. ಗಿರಿಜಕ್ಕ ತೆಗೆದುಕೊಂಡರು. ದನಿ ತಗ್ಗಿಸಿ ಮಾತಾಡಿದರು.

"ಇನ್ನೂ ಮಲಗವ್ರೆ ಕಣಣ್ಣ. ಬಿಸ್ಲು ಮುಖದ್ ಮೇಲೆ ಬಿದ್ರೂ ಎದ್ದಿಲ್ಲ. ಕುರ್ಚೀಲಿ ಅಷ್ಟೊತ್ತು ಕೂತಿದ್ದು ಸುಸ್ತಾಗಿರ್ಬೇಕು. ಏಳುಸ್ಲಾ?"

"ಬೇಡಕ್ಕ," ಎಂದೆ. ನನಗೆ ಗೊತ್ತಿಲ್ಲದೆ ನನ್ನ ದನಿಯೂ ತಗ್ಗಿತ್ತು.