ದೀಪಸ್ತಂಭದ ಹಿಂದಿನ ಬಂಡೆ

ಅಮೆರಿಕದ ಆಸ್ಟಿನ್‌ನಲ್ಲಿ ಭೂವಿಜ್ಞಾನ ಓದುತ್ತಿದ್ದಾಗ, ಥೀಸಿಸ್‌ಗಾಗಿ ಇಂಗ್ಲೆಂಡಿನ ಕಡಲಂಚಿನ ಸೀಮೆಸುಣ್ಣದ ಬಂಡೆಗಳ ಫೋಟೊ ತೆಗೆಯಲು ಹೋಗಿದ್ದೆ. ಅಷ್ಟೆತ್ತರದ ಬಂಡೆ ಪೂರ್ತಿ ಕಾಣುವುದು ಸಮುದ್ರದಿಂದ ಮಾತ್ರ. ಬಾಡಿಗೆ ದೋಣಿಯಲ್ಲಿ ಕೂತು ಉದ್ದಕ್ಕೂ ಒಂದಾದ ಮೇಲೊಂದು ಚಿತ್ರ ತೆಗೆಯುತ್ತಾ ಹೋದೆ. ಬಂಡೆಯ ಬುಡದಲ್ಲಿ, ನೀರಿನಲ್ಲೇ ನಿಂತಿದ್ದ ದೀಪಸ್ತಂಭದ ಹತ್ತಿರ ಬರುವಾಗ ದೋಣಿಯ ಓಲಾಟಕ್ಕೆ ವಾಂತಿಯಾಯಿತು. ಆ ಭಾಗದ ಚಿತ್ರ ತೆಗೆದೆನೋ ಇಲ್ಲವೋ, ನೆನಪೇ ಉಳಿಯಲಿಲ್ಲ. ಮತ್ತೊಮ್ಮೆ ಹೋಗುವ ಅವಕಾಶವೂ ಇರಲಿಲ್ಲ.

ಆಸ್ಟಿನ್‌ಗೆ ಮರಳಿ, ಫಿಲ್ಮ್ ರೋಲ್ ತೊಳೆಸಿ, ಇಡೀ ಬಂಡೆ ಒಂದೇ ಉದ್ದ ಚಿತ್ರವಾಗುವಂತೆ ಅಪಾರ್ಟ್‌ಮೆಂಟಿನ ಕಾರ್ಪೆಟ್ ಮೇಲೆ ಫೋಟೊಗಳನ್ನು ಜೋಡಿಸತೊಡಗಿದೆ. ಧಾರವಾಡದ ರೂಮ್‌ಮೇಟ್ ಚಹಾ ಹಿಡಿದು ಬಂದಳು.

“ಎಲ್ಲಾ ಸೊಟ್ಟ ಬಂದಾವಲ್ಲೇ!”

“ದೋಣಿನೇ ಸೊಟ್ಟ ಇತ್ತು ಕಣೇ. ಲೈಟ್‌ಹೌಸ್ ಎಲ್ಲಾದ್ರೂ ಇದ್ಯಾ ನೋಡು.”

ಅವಳು ಮಂಡಿಯೂರಿ ಹುಡುಕಿದಳು. “ಇಲ್ಲೈತಿ ನೋಡು!”

ಕೆಂಪು ಪಟ್ಟಿಯ ದೀಪಸ್ತಂಭ ಅರ್ಧ ಒಂದು ಫೋಟೊದಲ್ಲಿ, ಇನ್ನರ್ಧ ಮತ್ತೊಂದರಲ್ಲಿ ಇತ್ತು. ಅಂಚಿಗೆ ಅಂಚು ಸೇರಿಸಿದೆ. ಹಿಂದಿನ ಬಿಳಿ ಬಂಡೆಯ ಕಪ್ಪು ಗೆರೆಗಳು ಎಲ್ಲೂ ತುಂಡಾಗದೆ ಮುಂದುವರಿದವು. ವಾಂತಿಯ ನಡುವೆಯೂ ಕ್ಯಾಮೆರಾದ ಗುಂಡಿಯ ಮೇಲಿದ್ದ ಬೆರಳು ತನ್ನ ಕೆಲಸ ಮಾಡಿತ್ತು. ನಾನು ಕಾರ್ಪೆಟ್ ಮೇಲೆಯೇ ಕೈಕಾಲು ಚಾಚಿ ಬಿದ್ದುಕೊಂಡೆ.

“ಚಾ ಕುಡದು ಮಲ್ಕೋ,” ಎಂದಳು ಅವಳು.