ಸುಭದ್ರಾ ಕಾಕುವಿನ ಅಂಜಿಕೆ

ಸುಭದ್ರಾ ಕಾಕು ಯಾರ ಮನೆಗೆ ಹೋದರೂ ಹೊಸ್ತಿಲಾಚೆ ನಿಂತು, ಮೊದಲು ಮೂಗರಳಿಸಿ ಒಳಗಿನ ವಾಸನೆ ನೋಡುತ್ತಿದ್ದರು. “ಗ್ಯಾಸ್ ಬಂದ್ ಐತೇನವಾ?” ಎನ್ನುವುದೇ ಅವರ ನಮಸ್ಕಾರ. ಐತಿ ಎಂದರೆ ನಂಬುವವರಲ್ಲ. ನನ್ನ ಮನೆಗೆ ಬಂದರೆ, ನಾನು ಒಳಗೆ ಹೋಗಿ ಗುಂಡಿ ತಿರುವಿ ನೋಡಿ ಬಂದ ಮೇಲೆಯೇ ಮುಂದಿನ ಮಾತು.

ಹಿಮಾಯತ್‌ನಗರದ ಗಲ್ಲಿಯೊಂದರ ಹಳೆಯ ಕಟ್ಟಡದಲ್ಲಿ ಕೆಳಗಿನ ಮನೆ ನನ್ನದು. ನಾನು ಮತ್ತು ಜೀರಾ ಎಂಬ ನನ್ನ ಬೆಕ್ಕು, ಇಬ್ಬರೇ. ಕಾಕು ಮಗ-ಸೊಸೆಯ ಜೊತೆ ಮೇಲಿನ ಮನೆಯಲ್ಲಿದ್ದರು. ಸಿಂದಗಿ ಕಡೆಯಿಂದ ಮದುವೆಯಾಗಿ ಬಂದವರು. ಗಂಡನ ಬಟ್ಟೆ ಅಂಗಡಿಯನ್ನು ಈಗ ಮಗ ನೋಡಿಕೊಳ್ಳುತ್ತಿದ್ದ. ಇಷ್ಟು ವರ್ಷ ಹೈದರಾಬಾದಿನಲ್ಲಿದ್ದೂ ಕಾಕು ಒಬ್ಬರೇ ರಸ್ತೆ ದಾಟುತ್ತಿರಲಿಲ್ಲ. ದಾಟುವವರು ಇನ್ನಿಬ್ಬರು ಸಿಗುವ ತನಕ ಕಾಯುತ್ತಿದ್ದರು. ಕುಕ್ಕರ್ ಒಲೆಯ ಮೇಲಿಟ್ಟು ಪಡಸಾಲೆಗೆ ಬಂದು ಅಲ್ಲಿಂದಲೇ ಸೀಟಿ ಎಣಿಸುತ್ತಿದ್ದರು. ಆಟೋ ಹತ್ತುವ ಮೊದಲೇ “ಭಯ್ಯಾ, ಆಹಿಸ್ತಾ” ಎಂದು ನಿಧಾನದ ಜಪ ಶುರು ಮಾಡುತ್ತಿದ್ದರು, ಅವನು ಇನ್ನೂ ಗಾಡಿ ಚಾಲೂ ಮಾಡಿರುತ್ತಿರಲಿಲ್ಲ.

ಬೆಕ್ಕೆಂದರಂತೂ ಕೇಳುವುದೇ ಬೇಡ. “ಅದರ ಕಣ್ಣಾಗ ಲೈಟ್ ಹತ್ತತಾವ, ನಾ ಒಳಗ ಬರಂಗಿಲ್ಲ” ಎನ್ನುತ್ತಿದ್ದರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನ ಹೊಸ್ತಿಲು ದಾಟಿರಲಿಲ್ಲ. ಅಂಜುವವರ ಮೇಲೆ ಕಪ್ಪೆ ಹಾಕಿದರಂತೆ ಎನ್ನುವ ಹಾಗೆ, ಅವರು ಬಂದಾಗಲೇ ಜೀರಾ ಬಾಗಿಲಿಗೆ ಹೋಗಿ ಮೈಮುರಿಯುತ್ತಿತ್ತು. ನಾನು ನಗುತ್ತಿದ್ದೆ. ನಾನು ವಿಜ್ಞಾನ ಓದಿದವಳು, ತಾರ್ನಾಕದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳು. ಕಾರಣವಿಲ್ಲದ ಅಂಜಿಕೆ ನನಗೆ ಸೇರುತ್ತಿರಲಿಲ್ಲ. “ಸ್ವಲ್ಪ ಧೈರ್ಯ ತಗೋರಿ ಕಾಕು” ಎಂದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು: “ಧೈರ್ಯ ಅನ್ನೂದು ಮಂದಿಗೆ ಹೇಳಾಕ ಛಲೋ ಇರ್ತೈತಿ ತಂಗೀ.”

ಜೀರಾಳ ಒಸಡು ಕೆಂಪಾಗಿ, ಬಾಯಿಂದ ಜೊಲ್ಲು ಸೋರತೊಡಗಿದಾಗ ಪ್ರಾಣಿಗಳ ಡಾಕ್ಟರು ಏಳು ಹಲ್ಲು ಕಿತ್ತರು. ಎರಡು ದಿನ ಸರಿಯಾಗಿ ತಿನ್ನುವುದಿಲ್ಲ, ಆಮೇಲೆ ತಾನೇ ದಾರಿಗೆ ಬರುತ್ತದೆ ಎಂದು ಹೇಳಿ ಔಷಧಿ ಕೊಟ್ಟು ಕಳಿಸಿದರು. ಆ ಸಂಜೆಯೇ ಕಾಕು ಬಾಗಿಲಿಗೆ ಬಂದರು. ಗ್ಯಾಸಿನ ಮಾತು ಎತ್ತಲೇ ಇಲ್ಲ. “ಬೆಕ್ಕು ತಿಂತೇನು?” ಎಂದರು. ಮರುದಿನ ಮುಂಜಾನೆ ಅದೇ ಪ್ರಶ್ನೆ, ಸಂಜೆ ಮತ್ತೆ ಅದೇ, ಅದರ ಮರುದಿನವೂ ಹಾಗೆಯೇ. ಮುಖ ಬಾಡಿತ್ತು. “ಡಾಕ್ಟ್ರು ಎರಡು ದಿನ ಅಂದಾರ್ರೀ, ಸುಮ್ಮನ ಯಾಕ ಅಂಜತೀರಿ?” ಎಂದು ಸಿಡುಕಿದೆ. ನಿಜ ಹೇಳಬೇಕೆಂದರೆ, ಒಳಗೊಳಗೆ ನನಗೂ ಅಳುಕು ಹುಟ್ಟಿತ್ತು. ಅದನ್ನು ಅವರ ಮೇಲೆ ತೀರಿಸಿಕೊಂಡೆ.

ಮೂರನೆಯ ಮುಂಜಾನೆ ನಾನು ಆಫೀಸಿಗೆ ಹೊರಟಾಗ ಕಾಕು ಬಾಗಿಲಿಗೆ ಅಡ್ಡ ನಿಂತಿದ್ದರು.

“ಉಮಾ, ನೀರಿನ ಬಟ್ಟಲ ಮುಂದ ಕುಂತೈತಿ ನೋಡು. ಬಾಯಿ ನೀರಿನ ತನಕ ಒಯ್ತೈತಿ, ತಿರಗಿ ಹಿಂದ ತಗೋತೈತಿ. ಕುಡಿಯವಲ್ದು. ಎಡಗಡೆ ಗಲ್ಲ ಬಾತೈತಿ. ವಾಸನಿ ನನಗ ಇಲ್ಲಿ ತನಾ ಬರಾಕತ್ತೈತಿ.”

ನೆಲಕ್ಕೆ ಕೂತು ಫೋನಿನ ಬೆಳಕು ಹಿಡಿದೆ. ಎಡ ದವಡೆಯ ಕೆಳಗೆ ಬಾವು ಬಂದಿತ್ತು. ಮುಟ್ಟಿದರೆ ಚೀರಬೇಕಾದ ಬೆಕ್ಕು ಸುಮ್ಮನೆ ಕಣ್ಣು ಮುಚ್ಚಿತು. ಮೊದಲಿನ ಡಾಕ್ಟರ ಫೋನು ಯಾರೂ ಎತ್ತಲಿಲ್ಲ. ತಾರ್ನಾಕದಲ್ಲಿ ಇನ್ನೊಬ್ಬರಿದ್ದಾರೆಂದು ಗೊತ್ತಿತ್ತು. ಬುಟ್ಟಿಗೆ ಟವೆಲ್ ಹಾಸಿ ಜೀರಾಳನ್ನು ಮಲಗಿಸಿದೆ, ಮುಚ್ಚಳದ ಕೊಂಡಿ ಮಾತ್ರ ಎರಡು ಸಲ ಹಾಕಿದರೂ ಕೂರಲಿಲ್ಲ. ಆಗ ಕಾಕು ಹೊಸ್ತಿಲು ದಾಟಿ ಒಳಗೆ ಬಂದರು. ಕೊಂಡಿ ಹಾಕಿದರು. “ನಡಿ, ನಾ ಬರ್ತೀನಿ” ಎಂದರು.

ಆಟೋದಲ್ಲಿ ಬುಟ್ಟಿ ಅವರ ತೊಡೆಯ ಮೇಲಿತ್ತು. ಎರಡೂ ಕೈಯಿಂದ ತಬ್ಬಿ ಹಿಡಿದಿದ್ದರು, ಮುಖ ಮಾತ್ರ ಆಚೆ ತಿರುಗಿಸಿಕೊಂಡಿದ್ದರು. ಅವತ್ತು “ಆಹಿಸ್ತಾ” ಎನ್ನಲಿಲ್ಲ. “ಜಲ್ದೀ ಚಲೋ ಭಯ್ಯಾ” ಎಂದರು. ಸ್ವಲ್ಪ ದೂರ ಹೋದ ಮೇಲೆ, ನಾನು ಕೇಳದೆಯೇ, ಹೇಳಿದರು:

“ನಮ್ಮಣ್ಣಗ ದವಡಿ ಹಲ್ಲು ಕಿತ್ತಿದ್ರು. ಮೂರನೇ ದಿನಕ್ಕ ಗಲ್ಲ ಬಾತ್ತು. ಅಂವಾ ಅಂಜಿದ. ಹಲ್ಲು ಕಿತ್ತಿದ್ದಕ್ಕ ಯಾರರ ಸಾಯ್ತಾರೇನು ಅಂತ ನಾವೆಲ್ಲಾ ನಕ್ಕಿವಿ. ನಾನೂ ನಕ್ಕೀನಿ. ಐದನೇ ದಿನ ಬಾವು ಗಂಟಲಿಗೆ ಇಳೀತು, ಉಸಿರಾಡಾಕ ಆಗಲಿಲ್ಲ. ದವಾಖಾನಿ ಮುಟ್ಟೂದ್ರಾಗ ಹೋಗಿಬಿಟ್ಟ.”

ಇಷ್ಟು ವರ್ಷ ನಾನು ನಗುತ್ತಿದ್ದದ್ದು ಯಾವುದಕ್ಕೆ ಎಂದು ಅಂದು ತಿಳಿಯಿತು. ನಾಚಿಕೆಯಾಯಿತು.

ಎಕ್ಸ್-ರೇ ತೆಗೆದರು. ಕಿತ್ತ ಹಲ್ಲಿನ ಬೇರಿನ ತುಂಡೊಂದು ದವಡೆಯೊಳಗೇ ಉಳಿದು ಕೀವು ತುಂಬಿತ್ತು. ಮತ್ತೆ ಮಂಪರು ಮದ್ದು ಕೊಟ್ಟು ಕೊಯ್ಯಬೇಕು. ಮೂರು ದಿನ ತಿನ್ನದ ಬೆಕ್ಕಿಗೆ ಯಕೃತ್ತೂ ಸೋತಿರಬಹುದು, ಏಳುತ್ತದೆಂದು ಖಾತ್ರಿ ಕೊಡಲಾರೆ ಎಂದರು ಆ ಡಾಕ್ಟರು. ಕಾಗದಕ್ಕೆ ಸಹಿ ಹಾಕಿದೆ. ಅದು ನನ್ನ ಸಹಿಯ ಹಾಗೆ ಕಾಣುತ್ತಲೇ ಇರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಎರಡು ತಾಸು ಕಾದೆವು. ಕಾಯುವವರಿಗೆ ಎಲ್ಲರೂ ಹೇಳುವ ಮಾತು ‘ಏನೂ ಆಗುವುದಿಲ್ಲ’ ಎಂಬುದು. ಕಾಕು ಅದನ್ನು ಹೇಳಲಿಲ್ಲ. ನನ್ನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, “ನನಗೂ ಭಾಳ ಅಂಜಿಕಿ ಆಗಾಕತ್ತೈತಿ” ಎಂದರು. ನನ್ನ ಜೀವನದಲ್ಲಿ ಅಷ್ಟು ಸಮಾಧಾನ ಕೊಟ್ಟ ಮಾತು ಇನ್ನೊಂದಿಲ್ಲ.

ಜೀರಾ ಎದ್ದಿತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮುಂದೆ ವಾರವಿಡೀ ಸೂಜಿ ತೆಗೆದ ಸಿರಿಂಜಿನಲ್ಲಿ ಗಂಜಿಯಂಥ ಕೋಳಿಸಾರನ್ನು ಬಾಯಿಯ ಬದಿಯಿಂದ ಹನಿಹನಿಯಾಗಿ ಬಿಡಬೇಕಾಯಿತು. ಬೆಕ್ಕನ್ನು ಸುತ್ತಿ ಹಿಡಿಯಲು ಕಾಕು ತಮ್ಮ ಹಳೆಯ ಇಳಕಲ್ ಸೀರೆ ತಂದುಕೊಟ್ಟರು. ಲಿಂಗ ಕಟ್ಟಿದ ಮೈ, ಕೋಳಿಯ ವಾಸನೆಗೆ ಮೂಗಿಗೆ ಸೆರಗು ಹಿಡಿದು, ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತು, “ಸಾವಕಾಶ, ನೆತ್ತಿಗೆ ಹತ್ತೀತು” ಎನ್ನುತ್ತಿದ್ದರು. ಎಂಟನೆಯ ದಿನ ಜೀರಾ ತಾನಾಗಿ ಬಟ್ಟಲು ನೆಕ್ಕಿದಾಗ ಅವರು ಅತ್ತುಬಿಟ್ಟರು. ಬೆಕ್ಕನ್ನು ಮಾತ್ರ ಮುಟ್ಟಲಿಲ್ಲ.

ಇಷ್ಟೆಲ್ಲ ಕಂಡವಳು ನಾನು. ಆದರೂ ಗಂಡಾಂತರ ದಾಟಿದ ಮೇಲೆ ಅಂಜಿಕೆ ಮರೆತುಹೋಗುತ್ತದೆ. ಎರಡು ವರ್ಷದ ನಂತರ ಒಂದು ಮುಂಜಾನೆ ಕಾಕು ಮೆಟ್ಟಿಲ ಮೇಲೆ ಕೂತಿದ್ದರು.

“ಉಮಾ, ಎರಡು ದಿನ ಆತು, ಮೆಟ್ಟಲ ಹತ್ತಿದ್ರ ಎದಿ ಹಿಂಡಿದಂಗ ಆಗತೈತಿ. ಎಡಗೈ ಜಡ. ಮಗಗ ಹೇಳಿದ್ರ, ನಿನಗ ಎಲ್ಲಾದಕ್ಕೂ ಅಂಜಿಕಿ ಅಂತಾನ.”

ನನಗೆ ಬಸ್ಸಿಗೆ ತಡವಾಗಿತ್ತು. “ಪಿತ್ತ ಆಗಿರಬೇಕ್ರೀ ಕಾಕು. ಅಂಜಬ್ಯಾಡ್ರಿ, ಸಂಜಿಗೆ ಬಂದು ಮಾತಾಡ್ತೀನಿ” ಎಂದೆ. “ಹೌದಲ್ಲ, ಅದಾ ಇರಬೇಕು” ಎಂದು ಅವರೂ ನಕ್ಕರು. ಸಂಜೆ ಬರುವಾಗ ಹೊತ್ತಾಗಿತ್ತು, ನಾಳೆ ಹೋದರಾಯಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಮೇಲಿನ ಮನೆ ಸುಮ್ಮನಿತ್ತು. ಆರಾಮಾಗಿರಬೇಕು ಎಂದು ಆಫೀಸಿಗೆ ಹೋದೆ. ಮಧ್ಯಾಹ್ನ ಅವರ ಮಗನ ಫೋನು ಬಂತು. ಆಸ್ಪತ್ರೆಗೆ ಒಯ್ಯುವ ಮೊದಲೇ ಕಾಕು ಹೋಗಿಬಿಟ್ಟಿದ್ದರು.

ಜೀರಾ ತಿನ್ನದ ಆ ಮೂರು ದಿನ ಕಾಕು ದಿನಕ್ಕೆರಡು ಸಲ ಮೆಟ್ಟಿಲಿಳಿದು ಬಂದು ಕೇಳಿದ್ದರು. ಅವರ ಸಲುವಾಗಿ ನಾನು ಒಮ್ಮೆಯೂ ಮೆಟ್ಟಿಲು ಹತ್ತಲಿಲ್ಲ.