ಜೇಬಿಗೆ ಹೋದ ಚಿಕ್ಕಿ

ಕೊಲ್ಲಿಯ ಮೀನಾ ಅಬ್ದುಲ್ಲಾ ಬಂದರು, ಏಪ್ರಿಲ್ 1990

ಇವತ್ತು ರಿಫೈನರಿ ಕೆಲಸಗಾರರ ಕ್ಯಾಂಪಿನಲ್ಲಿ ಹಲ್ಲಿನ ಸಮೀಕ್ಷೆ. ಉಡುಪಿ ಕಡೆಯ ಲೀಲಾ ಇಲ್ಲಿನ ಡೆಂಟಲ್ ಥೆರಪಿಸ್ಟ್. ಡಾಕ್ಟರಲ್ಲದಿದ್ದರೂ ಹುಳುಕು ಹಲ್ಲಿಗೆ ಸಿಮೆಂಟ್ ತುಂಬುತ್ತಾರೆ, ತೀರಾ ಕೆಟ್ಟದ್ದನ್ನು ಕೀಳುತ್ತಾರೆ. ಅವರಿಂದ ಎಷ್ಟು ಜನಕ್ಕೆ ಉಪಯೋಗ ಎಂದು ಅಳೆಯಲು ಊರಿಂದ ಬಂದವನು ನಾನು. ಅಗತ್ಯವಿಲ್ಲವೆಂದು ಕಂಡರೆ ಅವರ ವಾರದ ಭೇಟಿ ನಿಲ್ಲುತ್ತದೆ.

ಫೋರ್‌ಮನ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನನ್ನ ಪಕ್ಕದಲ್ಲೇ ನಿಂತ. ಒಬ್ಬೊಬ್ಬರನ್ನೇ "ಹಲ್ಲುನೋವಿದೆಯಾ?" ಎಂದು ಕೇಳಿದೆ.

"ಏನಿಲ್ರೀ, ಆರಾಮ ಅದೀನಿ" ಎಂದ ಗದಗಿನ ವೆಲ್ಡರ್. ಉಳಿದವರದೂ ಅದೇ ಉತ್ತರ. ಎಲ್ಲರ ಹೆಸರಿನ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಫೋರ್‌ಮನ್ "ಖಲಾಸ್" ಎಂದು ಹಾಳೆಯನ್ನು ಆಗಲೇ ಆಫೀಸಿಗೆ ಕಳಿಸಿಬಿಟ್ಟು ಊಟಕ್ಕೆ ಹೋದ.

ಕೆಲಸ ಬೇಗ ಮುಗಿದ ಖುಷಿಯಲ್ಲಿ ಊರಿಂದ ತಂದಿದ್ದ ಶೇಂಗಾ ಚಿಕ್ಕಿ ಹಂಚತೊಡಗಿದೆ. ವೆಲ್ಡರ್ ಅದನ್ನು ಮೂಸಿ ನೋಡಿ, ನಕ್ಕು, ಜೇಬಿಗಿಳಿಸಿದ. ಅವನ ಹಿಂದಿದ್ದವನೂ ಹಾಗೇ ಮಾಡಿದ.

"ಪಾಪ, ರೂಮಿನವರಿಗೆ ಎತ್ತಿಡುತ್ತಿದ್ದಾರೆ" ಎಂದೆ.

"ಅಲ್ಲ ಸರ್, ಅವರಿಗೆ ಅಗಿಲಿಕ್ಕೆ ಆಗುದಿಲ್ಲ" ಎಂದರು ಲೀಲಾ. "ನೋವು ಅಂದ್ರೆ ಕೆಲಸ ತಪ್ಪಿಸ್ಲಿಕ್ಕೆ ನೋಡ್ತಾನೆ ಅಂತ ಫೋರ್‌ಮನ್ ಬೈತಾನೆ. ನಾನು ಕೇಳುದು ಅವನು ಊಟಕ್ಕೆ ಹೋದ ಮೇಲೆ."

"ಮೊದಲೇ ಹೇಳಬಾರದಿತ್ತೇ?"

"ನೀವು ನನ್ನನ್ನು ಕೇಳ್ಲೇ ಇಲ್ಲ ಅಲ್ವಾ ಸರ್."

ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಮುಂದಿನವನ ಕೈಗೆ ಒಂದು ಚಿಕ್ಕಿ ಇಟ್ಟು, ಇವನಾದರೂ ಕಚ್ಚಲಿ ಎಂದು ಅವನ ಬಾಯನ್ನೇ ನೋಡಿದೆ.

ಅವನೂ ಜೇಬು ತಡಕಿದ.